ಜೀಪಿನ ಹಿಂಬದಿಯ ಗುಂಯ್ ಸದ್ದು: ಡಿಫರೆನ್ಶಿಯಲ್ ಬಿಚ್ಚುವ ಮೊದಲು

ನನ್ನ ಜೀಪು ಗುಂಯ್‌ಗುಡಲು ಶುರುಮಾಡಿದ್ದು ಒಂದು ಮಳೆಗಾಲ ಮುಗಿದ ಮೇಲೆ. ಕುಶಾಲನಗರದಿಂದ ಸುಂಟಿಕೊಪ್ಪಕ್ಕೆ ಬರುವಾಗ ವೇಗ 45 ದಾಟಿದೊಡನೆ ಹಿಂದಿನ ಸೀಟಿನ ಕೆಳಗೆ ಯಾರೋ ದುಂಬಿಯನ್ನು ಬೆಂಕಿಪೊಟ್ಟಣದಲ್ಲಿ ಕೂಡಿಹಾಕಿದಂತೆ ಸದ್ದು. 70 ತಲುಪಿದರೆ ಪಕ್ಕದವರ ಮಾತು ಕೇಳಿಸದು. ಗ್ಯಾರೇಜಿನವರು ಒಂದು ಸುತ್ತು ಓಡಿಸಿ, ‘ಕ್ರೌನ್ ಪಿನಿಯನ್ ಹೋಗಿದೆ’ ಎಂದರು. ಹಿಂದಿನ ಆಕ್ಸಲ್‌ನ ನಡುವೆ ಇರುವ ಉಂಡೆಯೇ ಡಿಫರೆನ್ಶಿಯಲ್. ಅದರೊಳಗೆ ಇಂಜಿನ್‌ನ ಬಲವನ್ನು ಚಕ್ರಗಳ ಕಡೆಗೆ ತಿರುಗಿಸುವ ಹಲ್ಲುಗಾಲಿಗಳ ಜೋಡಿ ಇದು: ಸಣ್ಣದು ಪಿನಿಯನ್, ದೊಡ್ಡದು ಕ್ರೌನ್ ವ್ಹೀಲ್. ಹೊಸ ಸೆಟ್ ಬಂತು, ಕೂರಿಸಿದ್ದಾಯಿತು, ದುಡ್ಡು ಎಣಿಸಿದ್ದಾಯಿತು. ಮನೆಗೆ ಬರುವ ದಾರಿಯಲ್ಲೇ ದುಂಬಿ ಮತ್ತೆ ಎದ್ದಿತು. ಹೋಗಿದ್ದದ್ದು ಎಡ ಹಿಂಚಕ್ರದ ಬೇರಿಂಗ್.

ಆ ಗ್ಯಾರೇಜನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಹಿಂಬದಿಯ ಸದ್ದು ಯಾರನ್ನೂ ಮೋಸಗೊಳಿಸಬಲ್ಲದು. ಆಕ್ಸಲ್ ಹೌಸಿಂಗ್ ಎಂದರೆ ಉದ್ದನೆಯ ಕಬ್ಬಿಣದ ಕೊಳವೆ. ಒಂದು ತುದಿಯಲ್ಲಿ ಹುಟ್ಟಿದ ಸದ್ದು ನಡುವಿನ ಉಂಡೆಯಲ್ಲೂ ಕೇಳಿಸುತ್ತದೆ, ಇನ್ನೊಂದು ತುದಿಯಲ್ಲೂ ಕೇಳಿಸುತ್ತದೆ. ಹಾಗಾಗಿ ‘ಎಲ್ಲಿಂದ ಬರುತ್ತಿದೆ’ ಎಂದು ಕೇಳುವುದನ್ನು ಮೊದಲು ಬಿಡಬೇಕು. ‘ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ’ ಎಂದು ಕೇಳಬೇಕು. ಈ ಪ್ರಶ್ನೆಗೆ ಉತ್ತರ ಹುಡುಕಲು ಕೊಡಗಿನ ರಸ್ತೆಗಳಷ್ಟು ಒಳ್ಳೆಯ ಪರೀಕ್ಷಾ ಶಾಲೆ ಬೇರೆ ಇಲ್ಲ: ಏರು, ಇಳಿಜಾರು, ತಿರುವು ಎಲ್ಲವೂ ಮನೆಯ ಗೇಟಿನಿಂದಲೇ ಶುರು. ಇಲ್ಲದಿರುವುದು ಒಂದೇ, ಸಮತಟ್ಟು ನೇರ ರಸ್ತೆ. ಅದಕ್ಕೆ ಸ್ವಲ್ಪ ದೂರ ಹೋಗಬೇಕು.

ಮೊದಲು ನಿಮ್ಮ ಗಾಡಿ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಆಲ್ಟೊ, ಸ್ವಿಫ್ಟ್‌ನಂತಹ ಸಣ್ಣ ಕಾರುಗಳಲ್ಲಿ ಇಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಹಿಂದೆ ಡಿಫರೆನ್ಶಿಯಲ್ಲೇ ಇಲ್ಲ. ಹಿಂಚಕ್ರಗಳು ಸುಮ್ಮನೆ ಉರುಳುತ್ತವೆ. ಅವುಗಳ ಹಿಂಬದಿ ಗುಂಯ್ ಎಂದರೆ ಬಹುಪಾಲು ಟೈರ್ ಇಲ್ಲವೇ ಹಬ್ ಬೇರಿಂಗ್. ಅಂಥವರು ಡಿಫರೆನ್ಶಿಯಲ್‌ನ ಮಾತು ಬಂದಲ್ಲೆಲ್ಲ ಹಾರಿಸಿ ಓದಬಹುದು. ಈ ಬರಹ ಮುಖ್ಯವಾಗಿ ತೋಟದ ಜೀಪು, ಬೊಲೆರೊ, ಜಿಪ್ಸಿ, ಪಿಕಪ್ ಇಟ್ಟುಕೊಂಡವರಿಗೆ.

ಟೈರನ್ನು ಮೊದಲು ಅನುಮಾನಿಸಿ

ನಮ್ಮಲ್ಲಿ ಅರ್ಧಕ್ಕರ್ಧ ಜೀಪುಗಳಿಗೆ ದಪ್ಪ ಕಟ್ಟೆಯ ಮಡ್ ಟೈರ್ ಇರುತ್ತದೆ. ಕೆಸರಿನ ಏರಿನಲ್ಲಿ ಪ್ರಾಣ ಉಳಿಸುವ ಟೈರೇ ಡಾಂಬರಿನ ಮೇಲೆ ಊಳಿಡುತ್ತದೆ. ಹೊಸದಿದ್ದಾಗ ಸದ್ದು ಕಡಿಮೆ. ಕಟ್ಟೆಗಳು ಒಂದು ಅಂಚಿನಲ್ಲಿ ಸವೆದಂತೆ ಹೆಚ್ಚುತ್ತದೆ. ಆದ್ದರಿಂದ ‘ಈ ಟೈರ್ ಎರಡು ವರ್ಷದಿಂದ ಇದೆ, ಆಗ ಸದ್ದು ಇರಲಿಲ್ಲ’ ಎಂಬ ವಾದ ನಿಲ್ಲುವುದಿಲ್ಲ.

ಅಂಗೈಯನ್ನು ಟೈರ್‌ನ ಮೇಲೆ ಸುತ್ತಿನ ದಿಕ್ಕಿನಲ್ಲಿ ಸವರಿ, ಮತ್ತೆ ಎದುರು ದಿಕ್ಕಿನಲ್ಲಿ ಸವರಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದಂತೆ ತಡೆದರೆ ಟೈರ್ ಹಾಡುತ್ತಿರುವ ಸಾಧ್ಯತೆ ದೊಡ್ಡದು. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅನ್ನೂ ನೋಡಿ. ಆಮೇಲೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ಸದ್ದು ಮುಂದಕ್ಕೆ ಬಂದರೆ ಕಥೆ ಮುಗಿಯಿತು. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹತ್ತಿದ ಕೂಡಲೇ ಸದ್ದಿನ ಬಣ್ಣ ಬದಲಾದರೂ ಅನುಮಾನ ಟೈರ್ ಮೇಲೆಯೇ. ಬೇರಿಂಗ್‌ಗೆ ಕೆಳಗಿರುವುದು ಡಾಂಬರೋ ಕಾಂಕ್ರೀಟೋ ಗೊತ್ತಾಗುವುದಿಲ್ಲ.

ಜೀಪಿನ ಟಾರ್ಪಾಲು, ತಲೆಮೇಲಿನ ಕ್ಯಾರಿಯರ್, ಸಡಿಲಾದ ಮಡ್‌ಫ್ಲ್ಯಾಪ್ ಕೂಡ ಗಾಳಿಗೆ ಗುಂಯ್ ಎನ್ನುತ್ತವೆ. ಕ್ಯಾರಿಯರ್ ಬಿಚ್ಚಿಟ್ಟು ಒಮ್ಮೆ ಓಡಿಸುವುದಕ್ಕೆ ಖರ್ಚೇನೂ ಇಲ್ಲ.

ರಸ್ತೆಯ ಮೇಲೆ ಆಲಿಸುವುದು

ನಾಲ್ಕು ಚಕ್ರದ ಗೇರ್ ಇರುವ ಗಾಡಿಯಾದರೆ ಅದನ್ನು ಎರಡು ಚಕ್ರಕ್ಕೆ ತನ್ನಿ. ಡಾಂಬರಿನ ಮೇಲೆ ನಾಲ್ಕು ಚಕ್ರದಲ್ಲಿ ಓಡಿಸಿದರೆ ಸದ್ದು ಬರುವುದೇ ಸಹಜ, ಅದರಿಂದ ಏನೂ ತಿಳಿಯುವುದಿಲ್ಲ. ರೇಡಿಯೊ ಆರಿಸಿ, ಕಿಟಕಿ ಏರಿಸಿ, ಹಿಂದೆ ಒಬ್ಬರನ್ನು ಕೂರಿಸಿ. ಸಾಧ್ಯವಾದರೆ ಸದ್ದು ಮೊದಲು ಕೇಳಿದ ದಿನ ಎಷ್ಟು ಭಾರ ಇತ್ತೋ ಅಷ್ಟೇ ಭಾರ ಹೇರಿ. ನಾಲ್ಕು ಚೀಲ ಕಾಫಿ ಹೇರಿದಾಗ ಮಾತ್ರ ಕೂಗುವ ಬೇರಿಂಗ್ ಖಾಲಿ ಜೀಪಿನಲ್ಲಿ ಮೌನವಾಗಿರುತ್ತದೆ.

ಮೊದಲ ಪ್ರಶ್ನೆ: ಸದ್ದು ಇಂಜಿನ್‌ನ ಸುತ್ತಿನ ಹಿಂದೆ ಹೋಗುತ್ತದೆಯೋ, ಗಾಡಿಯ ವೇಗದ ಹಿಂದೆಯೋ? 50ರಲ್ಲಿ ಮೂರನೇ ಗೇರ್‌ನಲ್ಲಿ ಓಡಿಸಿ, ಮತ್ತೆ ಅದೇ 50ರಲ್ಲಿ ನಾಲ್ಕನೇ ಗೇರ್‌ನಲ್ಲಿ ಓಡಿಸಿ. ಸ್ವರ ಬದಲಾಗದಿದ್ದರೆ ಸದ್ದು ಹುಟ್ಟುತ್ತಿರುವುದು ಗೇರ್‌ಬಾಕ್ಸ್‌ನಿಂದ ಆಚೆಗೆ: ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಶಿಯಲ್, ಬೇರಿಂಗ್ ಅಥವಾ ಟೈರ್. ನಾಲ್ಕು ಚಕ್ರದ ಗಾಡಿಯಾದರೆ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಬಾಕ್ಸನ್ನೂ ಈ ಪಟ್ಟಿಗೆ ಸೇರಿಸಿ.

ಎರಡನೆಯದು ಈ ಇಡೀ ಹುಡುಕಾಟದ ಜೀವಾಳ. ಏರು ಹತ್ತುವಾಗ ಪಿನಿಯನ್ ಕ್ರೌನ್ ವ್ಹೀಲನ್ನು ತಳ್ಳುತ್ತದೆ. ಹಲ್ಲಿನ ಒಂದು ಮುಖಕ್ಕೆ ಭಾರ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಗೇರ್‌ನಲ್ಲೇ ಇದ್ದರೆ ಚಕ್ರಗಳು ಇಂಜಿನನ್ನು ತಳ್ಳುತ್ತವೆ. ಭಾರ ಹಲ್ಲಿನ ಇನ್ನೊಂದು ಮುಖಕ್ಕೆ ಬೀಳುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವುದು ಒಂದು ಪರೀಕ್ಷೆ, ಅದೇ ಘಾಟಿಯನ್ನು ಇಳಿಯುವುದು ಇನ್ನೊಂದು. ಬಯಲುಸೀಮೆಯವರು ಕಾಲನ್ನು ಒತ್ತಿ ಬಿಟ್ಟು ಮಾಡಿ ಕೆಲವೇ ಸೆಕೆಂಡುಗಳ ಕಾಲ ಪಡೆಯುವುದನ್ನು ನಮ್ಮ ಘಾಟಿ ಕಿಲೋಮೀಟರ್‌ಗಟ್ಟಲೆ ಕೊಡುತ್ತದೆ.

ಏರಿನಲ್ಲಿ ಕೂಗಿ, ಕಾಲು ತೆಗೆದ ಕ್ಷಣ ನಿಂತರೆ ಕ್ರೌನ್ ಪಿನಿಯನ್‌ನ ಎಳೆಯುವ ಮುಖ ಸವೆದಿದೆ ಅಥವಾ ಹಲ್ಲುಗಳ ಕೂಟ ತಪ್ಪಿದೆ. ಇಳಿಜಾರಿನಲ್ಲಿ ಮಾತ್ರ ಕೂಗಿದರೆ ಪಿನಿಯನ್ ಸಡಿಲಾಗಿರುವ ಸಾಧ್ಯತೆ ಹೆಚ್ಚು: ನಟ್ ಸಡಿಲ, ಇಲ್ಲವೇ ಪಿನಿಯನ್ ಬೇರಿಂಗ್ ಸವೆತ. ಎರಡರಲ್ಲೂ ಒಂದೇ ಸಮನೆ ಇದ್ದು ಗಾಡಿಯ ವೇಗಕ್ಕೆ ತಕ್ಕಂತೆ ಏರಿಳಿದರೆ ಹಲ್ಲುಗಳನ್ನು ಬಿಟ್ಟುಬಿಡಿ. ಚಕ್ರದ ಬೇರಿಂಗ್, ಡಿಫರೆನ್ಶಿಯಲ್‌ನ ಪಕ್ಕದ ಬೇರಿಂಗ್ ಅಥವಾ ಟೈರ್ ನೋಡಿ. ನನ್ನ ಜೀಪು ಏರಿನಲ್ಲೂ ಇಳಿಜಾರಿನಲ್ಲೂ ಒಂದೇ ಸ್ವರದಲ್ಲಿ ಹಾಡುತ್ತಿತ್ತು. ಘಾಟಿಯಲ್ಲಿ ಒಮ್ಮೆ ಓಡಿಸಿದ್ದರೆ ಕ್ರೌನ್ ಪಿನಿಯನ್‌ನ ದುಡ್ಡು ಉಳಿಯುತ್ತಿತ್ತು.

ಮೂರನೆಯದಕ್ಕೆ ಸಮತಟ್ಟು ರಸ್ತೆ ಬೇಕು. ಕುಶಾಲನಗರ ಬಿಟ್ಟು ಕೊಪ್ಪದ ಸೇತುವೆ ದಾಟಿ ಬೈಲುಕುಪ್ಪೆ, ಪಿರಿಯಾಪಟ್ಟಣದ ಕಡೆಗೆ ಹೋದರೆ ಸಿಗುತ್ತದೆ. ದಕ್ಷಿಣ ಕೊಡಗಿನವರು ತಿತಿಮತಿಯ ಕಾಡು ಕಳೆದು ಹುಣಸೂರಿನ ಕಡೆಗೆ ಹೋಗಬೇಕು. ಕಾಡಿನ ನಡುವೆ ಗಾಡಿ ನಿಲ್ಲಿಸಿ ಕೆಳಗೆ ಇಣುಕುವ ಸಾಹಸ ಬೇಡ, ಆನೆಗಳಿಗೆ ಬೇರಿಂಗ್‌ನ ಬಗ್ಗೆ ಕಾಳಜಿ ಇಲ್ಲ. ಅಲ್ಲಿ ವೇಗ ಏರದೆ ಇಳಿಯದೆ ಇರುವಷ್ಟು ಮಾತ್ರ ಕಾಲು ಒತ್ತಿ ಹಿಡಿಯಿರಿ. ಹಲ್ಲಿನ ಯಾವ ಮುಖಕ್ಕೂ ಭಾರ ಇಲ್ಲದ ಈ ತೇಲುವ ಸ್ಥಿತಿಯಲ್ಲಿ ಸಣ್ಣಗೆ ಶಿಳ್ಳೆಯಂತೆ ಕೇಳಿದರೆ ಪಿನಿಯನ್ ಬೇರಿಂಗ್. ರಸ್ತೆ ಖಾಲಿ ಇದ್ದರೆ ಒಮ್ಮೆ ನ್ಯೂಟ್ರಲ್‌ಗೆ ತಂದು ಉರುಳಲು ಬಿಟ್ಟೂ ಕೇಳಿ. ಇದನ್ನು ಘಾಟಿಯಲ್ಲಿ ಎಂದಿಗೂ ಮಾಡಬೇಡಿ.

ಇನ್ನು ತಿರುವು. ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಎಡ ತಿರುವಿನಲ್ಲಿ ಸದ್ದು ಹೆಚ್ಚಿ ಬಲ ತಿರುವಿನಲ್ಲಿ ತಗ್ಗಿದರೆ ಬಲ ಬೇರಿಂಗ್ ಮೇಲೆ ಅನುಮಾನ. ತಿರುಗುಮುರುಗಾದರೆ ಎಡದ್ದರ ಮೇಲೆ. ಇದು ಬಹುಪಾಲು ನಿಜ, ಆದರೆ ಆಣೆ ಮಾಡಿ ಹೇಳುವಷ್ಟಲ್ಲ. ಘಾಟಿಯ ಹೇರ್‌ಪಿನ್ ತಿರುವುಗಳು ಇದಕ್ಕೆ ಪ್ರಯೋಜನವಿಲ್ಲ, 20ರ ವೇಗದಲ್ಲಿ ಬೇರಿಂಗ್ ಬಾಯಿ ಬಿಡುವುದಿಲ್ಲ. ಮಡಿಕೇರಿ–ಕುಶಾಲನಗರದ ನಡುವೆ 50ರಲ್ಲಿ ಆರಾಮವಾಗಿ ಸಾಗುವ ಅಗಲದ ತಿರುವುಗಳು ಸರಿಯಾದ ಜಾಗ.

ಮೊಬೈಲ್ ಇದ್ದವರಿಗೆ ಒಂದು ಸಣ್ಣ ಲೆಕ್ಕ. 215/75 ಆರ್15 ಟೈರ್‌ನ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು ತಿರುಗುತ್ತದೆ. ಕ್ರೌನ್ ವ್ಹೀಲ್‌ಗೆ 41 ಹಲ್ಲು, ಪಿನಿಯನ್‌ಗೆ 10 ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 310 ಹಲ್ಲುಗಳು ಒಂದಕ್ಕೊಂದು ತಾಗುತ್ತವೆ. 50ರಲ್ಲಿ ಸುಮಾರು 260. ಸದ್ದಿನ ಆವರ್ತನ ತೋರಿಸುವ ಉಚಿತ ಆ್ಯಪ್‌ಗಳಿವೆ. ಫೋನನ್ನು ಹಿಂದಿನ ನೆಲದ ಮೇಲಿಟ್ಟು ಜೊತೆಗಾರರಿಗೆ ನೋಡಲು ಹೇಳಿ. 60ರಲ್ಲಿ 310 ಹರ್ಟ್ಸ್‌ನ ಬಳಿ ಚೂಪಾದ ಶಿಖರ ಎದ್ದು, 50ಕ್ಕೆ ಇಳಿದಾಗ ಅದು 260ಕ್ಕೆ ಜಾರಿದರೆ ಹಲ್ಲುಗಳೇ ಮಾತಾಡುತ್ತಿವೆ. ಶಿಖರವಿಲ್ಲದೆ ಕೆಳಭಾಗದಲ್ಲಿ ಹರಡಿದ ಗದ್ದಲವಾದರೆ ಬೇರಿಂಗ್. ಆದರೆ ನಿಮ್ಮ ಟೈರ್‌ನ ಒಂದು ಸುತ್ತಿನಲ್ಲಿ ಎಷ್ಟು ಕಟ್ಟೆಗಳಿವೆ ಎಂದು ಎಣಿಸಿ. ಅವೂ ನಲವತ್ತರ ಆಸುಪಾಸಿನಲ್ಲಿದ್ದರೆ ಟೈರ್‌ನ ಶಿಖರವೂ ಅದೇ ಜಾಗದಲ್ಲಿ ಏಳುತ್ತದೆ, ಆ್ಯಪ್ ನಿಮ್ಮನ್ನು ನೇರ ಕ್ರೌನ್ ಪಿನಿಯನ್ ಅಂಗಡಿಗೆ ಕಳುಹಿಸುತ್ತದೆ. ಟೈರ್ ಅದಲುಬದಲು ಮಾಡುವುದನ್ನು ಮೊದಲೇ ಹೇಳಿದ್ದು ಇದಕ್ಕಾಗಿ.

ಕಣದಲ್ಲಿ ಎತ್ತಿ ನಿಲ್ಲಿಸಿ

ತೋಟದ ಮನೆಯಲ್ಲಿ ಗಟ್ಟಿ ಸಮತಟ್ಟು ನೆಲ ಎಂದರೆ ಕಾಫಿ ಒಣಗಿಸುವ ಕಣ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅದರ ಮೇಲೆ ಕಾಫಿ ಇರುತ್ತದೆ, ಮಳೆಯಲ್ಲಿ ಪಾಚಿ ಇರುತ್ತದೆ. ಅಕ್ಟೋಬರ್, ನವೆಂಬರ್ ಅಥವಾ ಕೊಯ್ಲು ಮುಗಿದ ಮಾರ್ಚ್ ಒಳ್ಳೆಯದು. ಪಾಚಿ ಹಿಡಿದ ಕಣದ ಮೇಲೆ ಜಾಕ್ ಇಡಬೇಡಿ.

ಮುಂಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. ಇದಕ್ಕೆ ಸಿಲ್ವರ್ ಓಕ್ ತುಂಡು ಆದೀತು. ಆದರೆ ಗಾಡಿಯನ್ನು ಹೊರುವುದಕ್ಕೆ ಮರದ ದಿಮ್ಮಿ, ಇಟ್ಟಿಗೆ, ಕಲ್ಲು ಯಾವುದೂ ಬೇಡ. ಜಾಕ್‌ನ ಮೇಲೆಯೇ ಬಿಟ್ಟು ಕೆಳಗೆ ನುಸುಳುವುದಂತೂ ಬೇಡವೇ ಬೇಡ. ಎರಡು ಜಾಕ್ ಸ್ಟ್ಯಾಂಡ್ ಕೊಳ್ಳಿ, ಅವು ಇಲ್ಲದಿದ್ದರೆ ಈ ಕೆಲಸವನ್ನು ಗ್ಯಾರೇಜಿಗೆ ಬಿಡಿ. ಸ್ಟ್ಯಾಂಡ್‌ಗಳು ಆಕ್ಸಲ್ ಕೊಳವೆಯ ಕೆಳಗೆ ಕೂರಬೇಕು, ಛಾಸಿಯ ಕೆಳಗಲ್ಲ. ಛಾಸಿಯಿಂದ ಎತ್ತಿದರೆ ಆಕ್ಸಲ್ ಜೋತುಬಿದ್ದು ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ, ಇಲ್ಲದ ಸದ್ದು ಹುಟ್ಟುತ್ತದೆ.

ಇಂಜಿನ್ ಆರಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ಒಂದೊಂದೇ ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ಕೈಯನ್ನು ಬ್ರೇಕ್‌ನ ಹಿಂದಿನ ತಟ್ಟೆಯ ಮೇಲಿಡಿ. ಒಳ್ಳೆಯ ಬೇರಿಂಗ್ ನೀರಿನಂತೆ ತಿರುಗುತ್ತದೆ. ಕೆಟ್ಟದ್ದು ಮರಳು ಬಿದ್ದ ಬೀಸುವ ಕಲ್ಲಿನಂತೆ ಕೈಗೆ ಗರಗರ ಎನ್ನುತ್ತದೆ. ಆಮೇಲೆ ಚಕ್ರದ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲ್ಲಾಡಿಸಿ. ಟಕ್ ಟಕ್ ಎಂದು ಆಡಿದರೆ ಬೇರಿಂಗ್ ಹೋಗಿದೆ. ಆಡದಿದ್ದರೆ ಸರಿಯಿದೆ ಎಂದೇನೂ ಅಲ್ಲ. ನನ್ನದು ಕೂದಲೆಳೆಯಷ್ಟೂ ಆಡುತ್ತಿರಲಿಲ್ಲ, ಆದರೆ ಒಳಗಿನ ಗುಂಡುಗಳು ಓಡುವ ಹಾದಿಯ ಮೇಲೆ ತುಕ್ಕಿನ ಚುಕ್ಕೆಗಳಿದ್ದವು.

ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಯ ಕೀಲುಗಳಾದ ಕ್ರಾಸ್‌ಗಳನ್ನು ಕೈಯಿಂದ ತಿರುಚಿ ನೋಡಿ. ಆಟ ಇದ್ದರೆ, ಕಪ್‌ನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಬದಲಿಸಿ. ಕ್ರಾಸ್ ಕೆಟ್ಟರೆ ಗುಂಯ್‌ಗಿಂತ ನಡುಕ ಹೆಚ್ಚು, ಗೇರ್ ಹಾಕಿದಾಗ ಠಣ್ ಎನ್ನುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಬಂದು ಕೂಡುವ ಪಿನಿಯನ್‌ನ ತಲೆಯನ್ನು ಹಿಡಿದು ಮೇಲೆ ಕೆಳಗೆ ಒತ್ತಿ. ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಆಟ ಇರಲೇಬೇಕು, ಆದರೆ ಮೇಲೆ ಕೆಳಗೆ ಅಥವಾ ಹಿಂದೆ ಮುಂದೆ ಇಷ್ಟೂ ಇರಕೂಡದು.

ಈಗ ಇಂಜಿನ್ ಶುರುಮಾಡಿ ಆಲಿಸುವ ಹಂತ. ಅದಕ್ಕೆ ಮುನ್ನ ಗಾಡಿ ಎರಡು ಚಕ್ರದ ಗೇರ್‌ನಲ್ಲಿದೆಯೇ ಎಂದು ಎರಡು ಸಲ ನೋಡಿ. ನಾಲ್ಕು ಚಕ್ರದಲ್ಲಿದ್ದರೆ ಮುಂಚಕ್ರಗಳು ಎಳೆದು ಗಾಡಿ ಸ್ಟ್ಯಾಂಡ್‌ನಿಂದ ಜಿಗಿಯುತ್ತದೆ. ಎರಡೂ ಹಿಂಚಕ್ರ ಗಾಳಿಯಲ್ಲಿರಬೇಕು, ಒಂದನ್ನು ನೆಲಕ್ಕಿಟ್ಟು ಇನ್ನೊಂದನ್ನು ತಿರುಗಿಸಬೇಡಿ. ಚಾಲಕನ ಸೀಟಿನಲ್ಲಿ ಗಾಡಿ ಬಲ್ಲವರೊಬ್ಬರು ಇರಲಿ, ಮೂರನೇ ಗೇರ್‌ನಲ್ಲಿ ಮೀಟರ್ 40 ತೋರಿಸಿದರೆ ಸಾಕು. ನೀವು ಪಕ್ಕದಿಂದ ಚಾಚಿ ಮೆಕ್ಯಾನಿಕ್‌ಗಳ ಸ್ಟೆತಾಸ್ಕೋಪ್‌ನ ಕಡ್ಡಿಯನ್ನು ಬೇರಿಂಗ್‌ಗೆ ಹತ್ತಿರದ ಜಾಗಗಳಿಗೆ ತಾಗಿಸುತ್ತ ಹೋಗಿ: ಎಡ ತುದಿ, ಬಲ ತುದಿ, ಡಿಫರೆನ್ಶಿಯಲ್‌ನ ಎರಡು ಪಕ್ಕ, ಪಿನಿಯನ್‌ನ ಮೂತಿ. ಹಳೆಯ ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಾರೆ. ಕೇಳುತ್ತದೆ, ನಿಜ. ಆದರೆ ತಿರುಗುವ ಶಾಫ್ಟ್‌ನ ಪಕ್ಕದಲ್ಲಿ ಕಿವಿಗೆ ಚುಚ್ಚುವ ಕಬ್ಬಿಣ ಹಿಡಿದು ಮಲಗುವುದು ನನಗಂತೂ ಒಪ್ಪಿಗೆಯಿಲ್ಲ. ಪಂಚೆ, ಮಫ್ಲರ್, ತೋಳಿನ ಗುಂಡಿ ಬಿಚ್ಚಿದ ಅಂಗಿ ಯಾವುದೂ ಮೈಮೇಲೆ ಇರಕೂಡದು.

ಐದು ಜಾಗಗಳಲ್ಲಿ ಒಂದು ಮಿಕ್ಕವಕ್ಕಿಂತ ಜೋರಾಗಿ, ಒರಟಾಗಿ ಕೇಳಿಸಿದರೆ ಅಲ್ಲೇ ಕಾಯಿಲೆ. ಗಾಳಿಯಲ್ಲಿ ತಿರುಗುವಾಗ ಹಲ್ಲುಗಳ ಮೇಲೆ ಭಾರವಿಲ್ಲ, ಆದ್ದರಿಂದ ಕ್ರೌನ್ ಪಿನಿಯನ್‌ನ ಸದ್ದು ಇಲ್ಲಿ ಮಾಯವಾಗಬಹುದು. ಅದರ ತೀರ್ಪು ಘಾಟಿಯಲ್ಲೇ ಆಗಿರಬೇಕು.

ಎಣ್ಣೆ ಹೇಳುವ ಕಥೆ

ಗಾಡಿ ಸ್ವಲ್ಪ ಓಡಿ ಎಣ್ಣೆ ಬೆಚ್ಚಗಿರುವಾಗ ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿ. ಇದರಲ್ಲಿ ಎಡವಿದವರು ಬಹಳ ಮಂದಿ: ಕೆಳಗಿನ ಪ್ಲಗ್ ಬಿಚ್ಚಿ ಎಣ್ಣೆಯೆಲ್ಲ ಸುರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರುವುದಿಲ್ಲ, ಗಾಡಿ ಅಲ್ಲೇ ಕೂರುತ್ತದೆ. ಬೆರಳು ತೂರಿಸಿದರೆ ಎಣ್ಣೆ ರಂಧ್ರದ ಕೆಳ ಅಂಚಿಗೆ ಇರಬೇಕು.

ಆಮೇಲೆ ಕೆಳಗಿನಿಂದ ಹಳೆಯ ಎಣ್ಣೆಯನ್ನು ಶುದ್ಧವಾದ ಬೋಗುಣಿಗೆ ಇಳಿಸಿ. ಕೆಳಗಿನ ಪ್ಲಗ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ನಯವಾದ ಅಂಟು ಹತ್ತಿದ್ದರೆ ಅದು ಸಹಜ ಸವೆತ. ಹೊಳೆಯುವ ಚಕ್ಕೆಗಳು, ಉಗುರಿಗೆ ಸಿಕ್ಕುವ ಚೂರುಗಳು ಇದ್ದರೆ ಬೇರಿಂಗ್ ಅಥವಾ ಹಲ್ಲು ಒಡೆಯುತ್ತಿದೆ, ಇನ್ನು ಓಡಿಸಬೇಡಿ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ.

ನೀರು ಸೇರುವ ಬಗೆ ನಮ್ಮವರಿಗೆ ತಿಳಿದಿರಲೇಬೇಕು. ಹೌಸಿಂಗ್‌ನ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗೊಳವೆ ಇದೆ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಅದರಿಂದ ಹೊರಗೆ ಹೋಗುತ್ತದೆ. ತೋಟದ ಕೆಂಪು ಮಣ್ಣು ಅದನ್ನು ಮುಚ್ಚಿದರೆ ಒತ್ತಡ ಏರಿ ಎಣ್ಣೆ ಸೀಲ್ ದಾಟಿ ಬ್ರೇಕ್ ಡ್ರಮ್‌ಗೆ ಇಳಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದು: ಘಾಟಿ ಹತ್ತಿ ಕಾದ ಆಕ್ಸಲ್ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ತುಂಬಿದ ತೊರೆಗೆ ಇಳಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಉಸಿರುಗೊಳವೆ ಮುಚ್ಚಿದ್ದರೆ ಸೀಲ್‌ನ ತುಟಿಯಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ನೀರು ಸೇರಿದ ಎಣ್ಣೆಯಲ್ಲಿ ಒಂದು ತಿಂಗಳು ನಿಂತ ಜೀಪಿನ ಬೇರಿಂಗ್ ಮೇಲೆ ತುಕ್ಕಿನ ಚುಕ್ಕೆ ಮೂಡುತ್ತದೆ. ಆ ಚುಕ್ಕೆಯೇ ಮುಂದಿನ ಗುಂಯ್. ಬ್ರೀದರ್ ತೆಗೆದು ಡೀಸೆಲ್‌ನಲ್ಲಿ ತೊಳೆದು ಊದಿ ನೋಡಲು ಹತ್ತು ನಿಮಿಷ ಸಾಕು. ಅದಕ್ಕೊಂದು ರಬ್ಬರ್ ಕೊಳವೆ ಕೂಡಿಸಿ ಬಾಡಿಯ ಎತ್ತರಕ್ಕೆ ಒಯ್ದು ಕಟ್ಟಿದರೆ ಇನ್ನೂ ಒಳ್ಳೆಯದು.

ಹೊಸ ಎಣ್ಣೆ ಹೈಪಾಯ್ಡ್ ಗೇರ್‌ಗೆ, ಅಂದರೆ ಕ್ರೌನ್ ಪಿನಿಯನ್‌ನಂಥ ಹಲ್ಲಿಗೆ, ತಕ್ಕ ಜಿಎಲ್-5 ದರ್ಜೆಯದಾಗಿರಬೇಕು, ಸಾಮಾನ್ಯವಾಗಿ 80ಡಬ್ಲ್ಯು-90. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಅಂಗಡಿಯಲ್ಲಿ ಬರೀ ‘90 ನಂಬರ್ ಎಣ್ಣೆ’ ಎಂದು ಕೇಳಿದರೆ ಜಿಎಲ್-4 ಕೊಟ್ಟುಬಿಡಬಹುದು, ಡಬ್ಬಿ ತಿರುಗಿಸಿ ಓದಿ. ಸದ್ದು ಅಡಗಿಸಲು ಮಂದ ಎಣ್ಣೆ ಸುರಿಯುವುದು, ಇಲ್ಲವೇ ಹಳೆಯ ಗಾಡಿ ಮಾರುವವರ ಕುಖ್ಯಾತ ಉಪಾಯದಂತೆ ಮರದ ಹೊಟ್ಟು ಬೆರೆಸುವುದು ರೋಗಿಯ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಹಳೆಯ ಜೀಪು ಕೊಳ್ಳುವವರು ಇದಕ್ಕಾಗಿಯಾದರೂ ಒಮ್ಮೆ ಕೆಳಗಿನ ಪ್ಲಗ್ ಬಿಚ್ಚಿಸಬೇಕು.

ಚಕ್ರದ ಬೇರಿಂಗ್ ಬದಲಿಸುವುದು

ಕೈಕೆಲಸ ಬಲ್ಲವರು ಇದನ್ನು ಮನೆಯಲ್ಲಿ ಮುಕ್ಕಾಲು ಪಾಲು ಮಾಡಬಹುದು; ಉಳಿದ ಕಾಲು ಪಾಲಿಗೆ ಪ್ರೆಸ್ ಇರುವ ಲೇತ್ ಅಂಗಡಿ ಬೇಕು. ಇಲ್ಲಿ ಹೇಳುತ್ತಿರುವುದು ಆಕ್ಸಲ್ ಶಾಫ್ಟ್‌ನ ಮೇಲೆಯೇ ಬೇರಿಂಗ್ ಒತ್ತಿ ಕೂರಿಸಿರುವ ಬಗೆ. ದೊಡ್ಡ ಪಿಕಪ್‌ಗಳಲ್ಲಿ ಹಬ್‌ನೊಳಗೆ ಎರಡು ಟೇಪರ್ ಬೇರಿಂಗ್ ಇರುತ್ತವೆ, ಅಲ್ಲಿ ಕ್ರಮ ಬೇರೆ.

ಚಕ್ರ ಮತ್ತು ಡ್ರಮ್ ತೆಗೆಯಿರಿ. ಡ್ರಮ್‌ನೊಳಗಿನ ದೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಕ್ಸಲ್‌ನ ಮುಖದಲ್ಲಿರುವ ರಂಧ್ರದ ಮೂಲಕ ಸಾಕೆಟ್ ತೂರಿಸಿ ಹಿಂದಿನ ತಟ್ಟೆಯ ನಾಲ್ಕು ನಟ್ ಬಿಚ್ಚಿ. ಶಾಫ್ಟ್ ಹೊರಗೆ ಬರಲು ಹಟ ಮಾಡುತ್ತದೆ. ಸ್ಲೈಡ್ ಹ್ಯಾಮರ್ ಇಲ್ಲದಿದ್ದರೆ ಡ್ರಮ್ಮನ್ನು ತಿರುಗುಮುರುಗಾಗಿ ಸಡಿಲವಾಗಿ ನಟ್‌ಗೆ ಸಿಕ್ಕಿಸಿ ಜಗ್ಗುವುದು ನಮ್ಮೂರ ಪದ್ಧತಿ, ಸಾಮಾನ್ಯವಾಗಿ ಕೆಲಸ ಆಗುತ್ತದೆ. ಹಿಂದೆ ಶಿಮ್‌ಗಳು, ಅಂದರೆ ಸಂದು ಹೊಂದಿಸುವ ತೆಳು ಬಿಲ್ಲೆಗಳು, ಇದ್ದರೆ ಯಾವ ಕಡೆಯವು, ಎಷ್ಟು ಎಂದು ಗುರುತು ಹಾಕಿ ದಾರದಲ್ಲಿ ಪೋಣಿಸಿಡಿ. ಶಾಫ್ಟ್ ಎಳೆಯುವಾಗ ಕೆಳಗೆ ಬೋಗುಣಿ ಇರಲಿ.

ಬೇರಿಂಗನ್ನು ಹಿಡಿದಿರುವುದು ಒಂದು ಕಾಲರ್. ಅದನ್ನು ಗ್ರೈಂಡರ್‌ನಿಂದ ಅಡ್ಡಲಾಗಿ ಮುಕ್ಕಾಲು ಆಳ ಕೊರೆದು, ಉಳಿಯಿಂದ ಹೊಡೆದು ಸೀಳಬೇಕು. ಗ್ರೈಂಡರ್ ಶಾಫ್ಟ್‌ಗೆ ತಾಗಿತೋ, ಶಾಫ್ಟೂ ಹೊಸತು ಬೇಕಾದೀತು. ಆಮೇಲೆ ಪ್ರೆಸ್‌ನಲ್ಲಿ ಹಳೆಯ ಬೇರಿಂಗ್ ಇಳಿಸುವುದು.

ಹೊಸತು ಕೂರಿಸುವಾಗ ಕ್ರಮ ತಪ್ಪಬಾರದು: ಮೊದಲು ಹಿಡಿತದ ತಟ್ಟೆ, ಆಮೇಲೆ ಬೇರಿಂಗ್, ಕೊನೆಗೆ ಕಾಲರ್. ತಟ್ಟೆ ಹಾಕಲು ಮರೆತು ಬೇರಿಂಗ್ ಒತ್ತಿ ಕೂರಿಸಿದವರು ಹೊಸ ಬೇರಿಂಗನ್ನು ಮತ್ತೆ ಕತ್ತರಿಸಿ ತೆಗೆದದ್ದನ್ನು ಲೇತ್ ಅಂಗಡಿಯಲ್ಲಿ ನಿಂತು ನೋಡಿದ್ದೇನೆ. ಒತ್ತಡ ಬೇರಿಂಗ್‌ನ ಒಳ ಬಳೆಯ ಮೇಲೆ ಮಾತ್ರ ಬೀಳಬೇಕು. ಹೊರ ಬಳೆಯ ಮೇಲೆ ಒತ್ತಿದರೆ ಗುಂಡುಗಳು ಹಾದಿಯಲ್ಲಿ ಗುಳಿ ಮಾಡುತ್ತವೆ, ಹೊಸ ಬೇರಿಂಗ್ ಮೊದಲ ದಿನದಿಂದಲೇ ಹಾಡುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸುತ್ತೇನೆ ಎನ್ನುವವರಿಗೆ, ಗ್ಯಾಸ್ ಬೆಂಕಿ ಹಿಡಿಯುವವರಿಗೆ ಕೆಲಸ ಕೊಡಬೇಡಿ. ಕಾಲರನ್ನು ಬೇರಿಂಗ್‌ನೊಂದಿಗೆ ಒಟ್ಟಿಗೆ ಒತ್ತಬಾರದು, ಬೇರಿಂಗ್ ಕೂತ ಮೇಲೆ ಪ್ರತ್ಯೇಕವಾಗಿ ಒತ್ತಬೇಕು.

ಹೌಸಿಂಗ್‌ನ ಎಣ್ಣೆ ಸೀಲ್ ಹೊಸದೇ ಹಾಕಿ, ತುಟಿಗೆ ಸ್ವಲ್ಪ ಗ್ರೀಸ್ ಸವರಿ. ಶಾಫ್ಟ್ ತೂರಿಸುವಾಗ ಅದರ ಹಲ್ಲುತುದಿ ಸೀಲ್‌ಗೆ ಉಜ್ಜದಂತೆ ಎತ್ತಿ ಹಿಡಿದು ಒಯ್ಯಿರಿ. ತುದಿ ಒಳಗಿನ ಗೇರ್‌ಗೆ ಕಚ್ಚಿದಾಗ ಕೈಗೆ ತಿಳಿಯುತ್ತದೆ. ನಟ್‌ಗಳನ್ನು ಕೈಪಿಡಿಯಲ್ಲಿರುವ ಟಾರ್ಕ್‌ಗೆ ಅಡ್ಡಡ್ಡವಾಗಿ ಬಿಗಿಯಿರಿ. ಬ್ರೇಕ್ ಲೈನಿಂಗ್ ಎಣ್ಣೆ ಕುಡಿದಿದ್ದರೆ ತೊಳೆದು ಮತ್ತೆ ಹಾಕಬೇಡಿ. ನಮ್ಮ ಇಳಿಜಾರುಗಳಲ್ಲಿ ಅದು ಚೌಕಾಸಿಯ ವಿಷಯವಲ್ಲ. ಎರಡೂ ಕಡೆಯದನ್ನು ಬದಲಿಸಿ. ಕೊನೆಗೆ ಎಣ್ಣೆಯ ಮಟ್ಟ ನೋಡಿ ತುಂಬಿ.

ಸಣ್ಣ ಕಾರುಗಳಲ್ಲಿ ಕೆಲಸ ಇಷ್ಟಿಲ್ಲ: ಡ್ರಮ್ ಅಥವಾ ಹಬ್ ತೆಗೆದು ಬೇರಿಂಗ್ ಒತ್ತಿ ಬದಲಿಸುವುದು, ಅಥವಾ ಹಬ್ಬನ್ನೇ ಇಡಿಯಾಗಿ ಬದಲಿಸುವುದು. ನಡುವಿನ ದೊಡ್ಡ ನಟ್ ಹೊಸದು ಹಾಕಿ, ಹೇಳಿದ ಟಾರ್ಕ್‌ಗೇ ಬಿಗಿಸಿ.

ಡಿಫರೆನ್ಶಿಯಲ್ ಬಿಚ್ಚಲೇಬೇಕಾದರೆ

ಇದು ಕಣದಲ್ಲಿ ಮಾಡುವ ಕೆಲಸವಲ್ಲ. ನಿಮ್ಮ ಕೆಲಸ ಸರಿಯಾದ ಪ್ರಶ್ನೆ ಕೇಳುವುದು. ಮೊದಲನೆಯದು ನಿಮಗೆ ನೀವೇ ಕೇಳಿಕೊಳ್ಳುವುದು: ಇತ್ತೀಚೆಗೆ ಪಿನಿಯನ್ ಸೀಲ್ ಸೋರಿ ಬದಲಿಸಿದ್ದಿರೇ? ಸೀಲ್ ಬದಲಿಸಿ ನಟ್ಟನ್ನು ಗಾಳಿ ಗನ್‌ನಿಂದ ಗರ್ ಎಂದು ಬಿಗಿದಿದ್ದರೆ ಬೇರಿಂಗ್‌ಗಳ ಮೇಲಿನ ಒತ್ತುಬಿಗಿ ಕೆಟ್ಟಿರುತ್ತದೆ. ಅನೇಕ ಆಕ್ಸಲ್‌ಗಳಲ್ಲಿ ಎರಡು ಪಿನಿಯನ್ ಬೇರಿಂಗ್‌ಗಳ ನಡುವೆ ಕುಸಿಯುವ ತೋಳು ಇರುತ್ತದೆ. ನಟ್ ಬಿಗಿದಂತೆ ಅದು ಕುಸಿದು ಸರಿಯಾದ ಬಿಗಿ ಕೊಡುತ್ತದೆ. ಒಮ್ಮೆ ಹೆಚ್ಚು ಕುಸಿದರೆ ಸಡಿಲಿಸಿ ಸರಿಮಾಡುವಂತಿಲ್ಲ, ಹೊಸ ತೋಳೇ ಬೇಕು. ಸೀಲ್ ಬದಲಿಸಿದ ಕೆಲವು ವಾರಗಳಲ್ಲಿ ಗುಂಯ್ ಶುರುವಾಗಿದ್ದರೆ ನಾನು ಮೊದಲು ಅಲ್ಲಿಯೇ ನೋಡುತ್ತೇನೆ.

ಮೇಸ್ತ್ರಿಯನ್ನು ಕೇಳಬೇಕಾದ್ದು: ಬಿಚ್ಚುವ ಮೊದಲು ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಆಟ ಅಳೆಯುತ್ತೀರಾ? ಸಾಮಾನ್ಯವಾಗಿ ಇದು 0.13ರಿಂದ 0.20 ಮಿಲಿಮೀಟರ್, ಅಂದರೆ ಎರಡು ಕೂದಲೆಳೆಯಷ್ಟು; ಖಚಿತ ಅಂಕಿ ಕೈಪಿಡಿಯದು. ಬೇರಿಂಗ್ ಕ್ಯಾಪ್‌ಗಳಿಗೆ ಎಡ ಬಲ ಗುರುತು ಹಾಕುತ್ತೀರಾ? ಅವು ಹೌಸಿಂಗ್‌ನೊಂದಿಗೇ ಕೊರೆದವು, ಅದಲುಬದಲಾಗಬಾರದು. ಹಲ್ಲುಗಳಿಗೆ ಬಣ್ಣ ಬಳಿದು ತಿರುಗಿಸಿ ತಾಗುವ ಗುರುತು ತೋರಿಸುತ್ತೀರಾ? ಗುರುತು ಹಲ್ಲಿನ ನಡುವೆ ಬೀಳಬೇಕು. ತುದಿಗೋ ಬುಡಕ್ಕೋ ಸರಿದಿದ್ದರೆ ಪಿನಿಯನ್‌ನ ಆಳದ ಶಿಮ್ ತಪ್ಪಿದೆ, ಎಷ್ಟೇ ಹೊಸ ಸೆಟ್ ಆದರೂ ಕೂಗುತ್ತದೆ. ‘ಅದೆಲ್ಲ ಬೇಡ, ಕೈ ಅಂದಾಜು ಸಾಕು’ ಎಂಬ ಉತ್ತರ ಬಂದರೆ ಗಾಡಿಯನ್ನು ಮೈಸೂರಿಗೋ ಮಂಗಳೂರಿಗೋ ಒಯ್ಯುವ ಖರ್ಚು ಲಾಭವೇ.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು, ಅವನ್ನು ಒಟ್ಟಿಗೆ ಉಜ್ಜಿ ಹೊಂದಿಸಿರುತ್ತಾರೆ. ಬೇರಿಂಗ್ ಮಾತ್ರ ಕೆಟ್ಟು ಹಲ್ಲು ಚೆನ್ನಾಗಿದ್ದರೆ ಹಳೆಯ ಹಲ್ಲನ್ನು ಉಳಿಸಿಕೊಳ್ಳಿ. ಸವೆದು ಹೊಂದಿಕೊಂಡ ಹಲ್ಲಿನ ಮೌನ ಹೊಸ ಸೆಟ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಹೊಸ ಸೆಟ್ ಹಾಕಿದ್ದರೆ ಮೊದಲು ಇಪ್ಪತ್ತು ನಿಮಿಷ ಮೆಲ್ಲನೆ ಓಡಿಸಿ ಪೂರ್ತಿ ತಣಿಯಲು ಬಿಡಿ. ಎರಡು ಮೂರು ಸಲ ಹೀಗೆ. ಮೊದಲ 800 ಕಿಲೋಮೀಟರ್ ಭಾರ ಹೇರಿ ಏರು ಹತ್ತಿಸಬೇಡಿ, ಆಮೇಲೆ ಎಣ್ಣೆ ಬದಲಿಸಿ. ಕೊಡಗಿನಲ್ಲಿ ಏರು ಹತ್ತದೆ 800 ಕಿಲೋಮೀಟರ್ ಓಡಿಸುವುದು ಹೇಗೆ ಎಂದು ನನ್ನನ್ನು ಕೇಳಬೇಡಿ. ನಾನು ಜೀಪನ್ನು ಕುಶಾಲನಗರದ ನೆಂಟರ ಮನೆಯಲ್ಲಿಟ್ಟು, ಎರಡು ವಾರ ಮೈಸೂರಿನ ಕೆಲಸಗಳನ್ನೆಲ್ಲ ಅದರಲ್ಲೇ ಮುಗಿಸಿದೆ.

ಬೇರಿಂಗ್ ಮಾತ್ರ ಬದಲಿಸಿದ್ದರೆ ಇಪ್ಪತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ಎರಡೂ ಹಬ್‌ಗಳಿಗೆ ಅಂಗೈ ಹತ್ತಿರ ಹಿಡಿದು ನೋಡಿ. ಒಂದು ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಬಿಗಿ ಹೆಚ್ಚಾಗಿದೆ ಅಥವಾ ಬ್ರೇಕ್ ಉಜ್ಜುತ್ತಿದೆ. ಮರುದಿನ ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿದು, ಡ್ರಮ್‌ನ ಕೆಳಗೆ ಎಣ್ಣೆಯ ಹನಿ ಇದೆಯೇ ನೋಡಿ.

ಬೇರಿಂಗ್ ಬದಲಾದ ಮೇಲೆ ನನ್ನ ಜೀಪಿನ ದುಂಬಿ ಹಾರಿಹೋಯಿತು. 60ರ ಮೇಲೆ ಸಣ್ಣಗೆ ಒಂದು ಊಳು ಇನ್ನೂ ಇದೆ. ಅದು ಮಡ್ ಟೈರ್‌ನದು. ಕೆಳಗಿನ ತೋಟದ ಕೆಸರಿನ ಏರು ಇರುವವರೆಗೆ ಅದನ್ನು ತೆಗೆಯುವ ಯೋಚನೆ ಇಲ್ಲ.